ಒಂದೂವರೆ ನಿಮಿಷದ ಕಚ್ಚೆ ಸೀರೆ

ನಾಟಕ ರಾತ್ರಿ 10ಕ್ಕೆ ಅಂತ ಹ್ಯಾಂಡ್‌ಬಿಲ್ಲಿನಲ್ಲಿ ಇರುತ್ತದೆ. 10ಕ್ಕೆ ಶುರುವಾದ ನಾಟಕವನ್ನು ನಾನಂತೂ 22 ವರ್ಷದಲ್ಲಿ ನೋಡಿಲ್ಲ. ಊರ ಹಿರಿಯರು ಬಂದು ಕೂರಬೇಕು, ಕಾಯಿ ಒಡೆಯಬೇಕು, ಭಾಷಣ ಆಗಬೇಕು, ಸನ್ಮಾನದ ಶಾಲು ಎಲ್ಲರ ಹೆಗಲಿಗೂ ಬೀಳಬೇಕು. ಪರದೆ ಮೇಲೇಳುವಾಗ ಹನ್ನೊಂದೂವರೆ. ಅಷ್ಟೊತ್ತಿಗೆ ನಾನು ಬಣ್ಣ ಹಚ್ಚಿಕೊಂಡು ಎರಡು ತಾಸಾಗಿರುತ್ತದೆ. ಉಳಿದವರು ಮೊಬೈಲ್ ನೋಡುತ್ತಾರೆ, ಇಲ್ಲಾ ಟ್ರಂಕಿಗೆ ಒರಗಿ ಒಂದು ನಿದ್ದೆ ತೆಗೆಯುತ್ತಾರೆ. ನಾನು ಸೂಜಿ ದಾರ ತೆಗೆಯುತ್ತೇನೆ. ಯಾರದೋ ಹುಕ್ಕು ಕಿತ್ತಿರುತ್ತದೆ. ಖಳನಾಯಕನ ಪ್ಯಾಂಟಿನ ಹೊಲಿಗೆ ಬಿಟ್ಟಿರುತ್ತದೆ. "ಅಕ್ಕಾರ, ಇದಕ್ಕೊಂದು ಹೊಲಿಗಿ ಹಾಕಿಕೊಡ್ರಿ" ಅಂತ ಅವನು ಲುಂಗಿ ಸುತ್ತಿಕೊಂಡು ಪಕ್ಕದಲ್ಲೇ ನಿಂತಿರುತ್ತಾನೆ. ಇನ್ನು ಅರ್ಧ ತಾಸಿಗೆ ಸ್ಟೇಜ್ ಮೇಲೆ ಅವನೇ ನನ್ನ ಮನೆಗೆ ಬೆಂಕಿ ಇಡುವವನು.

ನಾನು ನಟಿಯೂ ಹೌದು, ಟೇಲರ್ ಕೂಡ ಹೌದು. ಎರಡರಲ್ಲಿ ಯಾವುದು ಮೊದಲು ಅಂದರೆ ಹೊಲಿಗೆಯೇ ಮೊದಲು. ನನ್ನ ತವರು ಗುಳೇದಗುಡ್ಡ. ಅಪ್ಪ ಕುಣಿ ಮಗ್ಗದಲ್ಲಿ ಖಣ, ಅಂದರೆ ಕುಬಸದ ಬಟ್ಟೆ, ನೇಯುತ್ತಿದ್ದರು, ಅವ್ವ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಸಪ್ಪಳ ನಿಂತರೆ ನಮಗೆ ಎಚ್ಚರ ಆಗುತ್ತಿತ್ತು. ನನ್ನ ಚಿಗವ್ವ ಮಾತ್ರ ಮಗ್ಗಕ್ಕೆ ಕೂರಲಿಲ್ಲ, ನಾಟಕಕ್ಕೆ ಹೋದಳು. ಅವಳ ಟ್ರಂಕು ಹೊರಲು, ಚೌರಿ ಕಟ್ಟಲು, ಹರಿದದ್ದು ಹೊಲಿಯಲು ಒಬ್ಬರು ಬೇಕಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿ ನಾನು ಮನೆಯಲ್ಲಿ ಖಾಲಿ ಇದ್ದೆ. ಎರಡು ವರ್ಷ ಟ್ರಂಕು ಹೊತ್ತೆ. 17ನೇ ವಯಸ್ಸಿಗೆ ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ ನಾಯಕನ ತಂಗಿಯ ಪಾತ್ರ ಮಾಡಿದೆ. ಆರೇ ಮಾತು. ಆರನ್ನೂ ಮರೆತೆ. ಅಳು ಬಂತು. ತಂಗಿ ಅಳುವ ಸೀನೇ ಆಗಿದ್ದರಿಂದ ಚಪ್ಪಾಳೆ ಬಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ನಟಿಯರಿಗೆ ಕೆಲಸ ಎರಡು ಥರ. ಒಂದು ಕಂಪನಿ ನಾಟಕ. ತಗಡಿನ ಥೇಟರ್ ಹಾಕಿಕೊಂಡು ಒಂದೂರಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಮಾಡುತ್ತಾರೆ, ದಿನಾ ಶೋ, ಊಟ ವಸತಿ ಅಲ್ಲೇ. ಇನ್ನೊಂದು ಹಳ್ಳಿ ನಾಟಕ. ಜಾತ್ರೆಗೋ ಹಬ್ಬಕ್ಕೋ ಊರಿನ ಹುಡುಗರೇ ಸೇರಿ ಆಡುತ್ತಾರೆ. ಟ್ರ್ಯಾಕ್ಟರ್ ಡ್ರೈವರ್ ನಾಯಕ, ಕಿರಾಣಿ ಅಂಗಡಿಯವನು ಗೌಡ, ಹೈಸ್ಕೂಲ್ ಮಾಸ್ತರು ಪೊಲೀಸ್. ಅವರು ಒಂದೆರಡು ತಿಂಗಳು ತಾಲೀಮು ಮಾಡಿರುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥ ಎರಡು ಮೂರು ಜನರನ್ನು ಅಡ್ವಾನ್ಸ್ ಕೊಟ್ಟು ಕರೆಸುತ್ತಾರೆ. ನಾವು ಹೋಗುವುದು ಅವತ್ತೇ ಮಧ್ಯಾಹ್ನ. ಗಂಡನ ಪಾತ್ರದವನ ಮುಖವನ್ನು ಸಂಜೆ ಚಹಾ ಕುಡಿಯುವಾಗ ನೋಡುತ್ತೇವೆ, ರಾತ್ರಿ ಅವನ ಹೆಣದ ಮೇಲೆ ಬಿದ್ದು ಅಳುತ್ತೇವೆ. ನಾನು ಎರಡೂ ಮಾಡಿದ್ದೇನೆ. ಮಗಳು ಶಾಲೆಗೆ ಸೇರಿದ ಮೇಲೆ ಕಂಪನಿ ಬಿಟ್ಟೆ. ಈಗ ಬಾಗಲಕೋಟೆಯ ನವನಗರದಲ್ಲಿ ಮನೆ. ಹಳ್ಳಿ ನಾಟಕಗಳು, ಜನವರಿಯಲ್ಲಿ ಬನಶಂಕರಿ ಜಾತ್ರೆ, ಉಳಿದ ದಿನ ಮಷಿನ್.

ನಾಟಕದ ಬಟ್ಟೆ ಬೇರೆ, ಹೊರಗಿನ ಬಟ್ಟೆ ಬೇರೆ ಅಂತ ನನಗೆ ತಿಳಿದದ್ದು ಮರ್ಯಾದೆ ಹೋಗುವ ಪ್ರಸಂಗ ಬಂದಾಗಲೇ.

ಬೈಲಹೊಂಗಲ ಕಡೆಯ ಒಂದು ಊರು. ಕಿತ್ತೂರು ಚೆನ್ನಮ್ಮನ ನಾಟಕ. ಆ ಭಾಗದಲ್ಲಿ ಈ ಪಾತ್ರ ಮಾಡುವುದು ಅಂದರೆ ಪರೀಕ್ಷೆ ಬರೆದ ಹಾಗೆ. 1824ರ ಅಕ್ಟೋಬರ್ 23ರಂದು ಬ್ರಿಟಿಷರ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಇಟ್ಟದ್ದು, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು, ಎಲ್ಲ ಅಲ್ಲಿನ ಸಣ್ಣ ಹುಡುಗರಿಗೂ ಬಾಯಿಪಾಠ. ಒಂದು ಇಸವಿ ತಪ್ಪಿದರೆ ಮುಂದೆ ಕೂತವರೇ ತಿದ್ದುತ್ತಾರೆ. ಡ್ರೆಸ್ಸನ್ನು ಊರವರು ಒಂದು ಬಾಡಿಗೆ ಅಂಗಡಿಯಿಂದ ತಂದಿದ್ದರು. ಸೀರೆ ಒಂಬತ್ತು ಗಜ ಅಂತ ಹೇಳಿದ್ದರು. ಬಿಚ್ಚಿ ನೋಡಿದರೆ ಆರೂ ಇಲ್ಲ, ಮೇಲೆ ಜಾರುವ ಸ್ಯಾಟಿನ್. ಎಂಟು ಪಿನ್ ಚುಚ್ಚಿ ಹೇಗೋ ಕಚ್ಚೆ ಹಾಕಿದೆ. ದರ್ಬಾರ್ ಸೀನ್ ದಾಟಿತು. ಯುದ್ಧದ ಸೀನಿನಲ್ಲಿ ಕತ್ತಿ ಎತ್ತಿ ಒಂದು ಹೆಜ್ಜೆ ಮುಂದಿಟ್ಟೆ. ಹಿಂದೆ ಏನೋ ಹಗುರಾಯಿತು.

ಅವತ್ತು ಅರ್ಧ ಪುಟದ ಮಾತನ್ನು ಎಡಗೈ ಸೊಂಟಕ್ಕೆ ಒತ್ತಿ ಹಿಡಿದು, ವಿಂಗಿಗೆ ಬೆನ್ನು ಮಾಡಿ, ಬಲಗೈಯಲ್ಲಿ ಕತ್ತಿ ತಿರುಗಿಸುತ್ತಾ ಹೇಳಿ ಮುಗಿಸಿದೆ. ಒಂದು ಪಿನ್ ತೆರೆದು ಬೆನ್ನಿಗೆ ನಾಟಿತ್ತು. ಜನಕ್ಕೆ ಗೊತ್ತಾಗಿಲ್ಲ ಅಂದುಕೊಂಡು ಬೀಗಿದ್ದೆ. ಬೆಳಗ್ಗೆ ಬಸ್ಸಿಗೆ ನಿಂತಾಗ ಒಬ್ಬ ಅಜ್ಜಿ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಯವ್ವಾ, ಕಚ್ಚಿ ಬಿಚ್ಚಿತ್ತಲ್ಲ, ಒಳಗ ಚಡ್ಡಿ ಹಾಕ್ಕೊಂಡಿದ್ದಿಲ್ಲೋ?"

ಮನೆಗೆ ಬಂದವಳೇ ಚಿಗವ್ವನ ಹಳೇ ಸೀರೆ ಕೇಳಿದೆ. ಇಳಕಲ್ಲಿನದು, ಒಂಬತ್ತು ಗಜ. ಒಡಲು ಅಲ್ಲಲ್ಲಿ ಹರಿದಿತ್ತು, ಆದರೆ ದಡಿ ಮತ್ತು ಸೆರಗು ಗಟ್ಟಿ ಇದ್ದವು. ಅದಕ್ಕೆ ಕತ್ತರಿ ಹಾಕುತ್ತೇನೆ ಅಂದಾಗ ಚಿಗವ್ವ ಸೀರೆ ಕೊಟ್ಟಳು, ಎರಡು ದಿನ ಮಾತು ಬಿಟ್ಟಳು.

ಕಚ್ಚೆ ಸೀರೆ ಹೊಲಿದ ಬಗೆ ಹೇಳುತ್ತೇನೆ. ಮೊದಲು ಸೀರೆಯನ್ನು ಸರಿಯಾಗಿ ಉಡಿಸಬೇಕು, ಆಮೇಲೆ ಹೊಲಿಗೆ. ತಾನೇ ಉಟ್ಟುಕೊಂಡರೆ ಬೆನ್ನ ಹಿಂದೆ ಗುರುತು ಹಾಕಲು ಆಗುವುದಿಲ್ಲ. ಹಾಗಾಗಿ ನೆಗೆಣ್ಣಿಯನ್ನು ನಿಲ್ಲಿಸಿದೆ. ಅವಳು ನನ್ನಷ್ಟೇ ಎತ್ತರ. ನಿರಿಗೆ ಹಿಡಿದು, ಕಚ್ಚೆ ಸಿಕ್ಕಿಸಿ, "ಕುದುರಿ ಹತ್ತಿದವರಂಗ ಕಾಲು ಅಗಲ ಮಾಡ" ಅಂದೆ. ಅವಳು ನಕ್ಕು ನಕ್ಕು ನಿರಿಗೆ ಪೂರ್ತಿ ಬಿಚ್ಚಿತು. ಎರಡನೇ ಸಲ ಉಡಿಸಿ, ಕುಕ್ಕರಗಾಲಲ್ಲಿ ಕೂರಿಸಿ, ಏಳಿಸಿ, ನಾಲ್ಕು ಹೆಜ್ಜೆ ಓಡಿಸಿದೆ. ಎಲ್ಲೆಲ್ಲಿ ಬಟ್ಟೆ ಎಳೆಯಿತೋ ಅಲ್ಲೆಲ್ಲ ಸಡಿಲ ಮಾಡಿ ಸೀಮೆಸುಣ್ಣದ ಗುರುತು ಹಾಕಿದೆ. ಸುಮ್ಮನೆ ನಿಂತವಳ ಅಳತೆಗೆ ಹೊಲಿದರೆ ಅದು ಫೋಟೋಕ್ಕೆ ಆಗುತ್ತದೆ, ನಾಟಕಕ್ಕೆ ಆಗುವುದಿಲ್ಲ.

ಒಳಗೆ ತೆಳು ಹತ್ತಿ ಬಟ್ಟೆಯ ಸಡಿಲ ಪಾಯಜಾಮ. ಬೈಲಹೊಂಗಲದ ಅಜ್ಜಿಯ ನೆನಪಿಗೆ ಅಂತ ನೆಗೆಣ್ಣಿ ಈಗಲೂ ಕಾಡಿಸುತ್ತಾಳೆ. ಸೊಂಟಕ್ಕೆ ಎರಡೂವರೆ ಇಂಚಿನ ಪಟ್ಟಿ, ಅದು ಬಾಗದಿರಲಿ ಅಂತ ಒಳಗೆ ಬಕ್ರಂ ಅನ್ನುವ ಬಿರುಸು ಬಟ್ಟೆ. ನಿರಿಗೆಗಳನ್ನೆಲ್ಲ ಈ ಪಟ್ಟಿಗೆ ಎರಡು ಸಾಲು ಮಷಿನ್ ಹೊಲಿಗೆ ಹಾಕಿ ಕೂರಿಸಿದೆ. ಮೊಣಕಾಲಿನ ಹತ್ತಿರ ನಿರಿಗೆಯನ್ನು ಪಾಯಜಾಮಕ್ಕೆ ಕೈಹೊಲಿಗೆಯಿಂದ ಹಿಡಿಸಬೇಕು, ಆದರೆ ಒಂದು ಬೆರಳು ಹೋಗುವಷ್ಟು ದಾರ ಸಡಿಲ ಇರಬೇಕು. ಬಿಗಿ ಮಾಡಿದರೆ ನಡೆಯುವಾಗ ಸೀರೆಯ ಬಳುಕು ಹೋಗಿ ಪ್ಯಾಂಟ್ ಹಾಕಿದ ಹಾಗೆ ಕಾಣುತ್ತದೆ. ಹಿಂದಿನ ಕಚ್ಚೆಯನ್ನು ಹೊಲಿದೇಬಿಟ್ಟೆ, ಇನ್ನು ಅದು ಬಿಚ್ಚುವ ಮಾತೇ ಇಲ್ಲ. ತೆರೆಯುವುದು ಎಡಗಡೆ ಮಾತ್ರ. ಅಲ್ಲಿ ಎರಡು ದೊಡ್ಡ ಪ್ಯಾಂಟ್ ಹುಕ್ಕು, ಅದರ ಮೇಲೆ ಭದ್ರತೆಗೆ ಒಂದು ಲಾಡಿ. ಸೆರಗು ಬೇರೆ ತುಂಡು. ಅದರ ಮಡಿಕೆಗಳನ್ನು ಮೊದಲೇ ಹೊಲಿದು, ಹೆಗಲಿಗೆ ಎರಡು ಟಿಚ್ ಬಟನ್ ಇಟ್ಟಿದ್ದೇನೆ.

ವೆಲ್ಕ್ರೋ ಹಾಕಬಾರದೇ ಅಂತ ಕೇಳುತ್ತಾರೆ. ಹಾಕಿದ್ದೆ. ಪರದೆಯ ಹಿಂದೆ ಅದನ್ನು ಕಿತ್ತಾಗ ಚರ್ರ್ ಅಂದಿತು. ಆಚೆ ತಾಯಿ ಸಾಯುವ ಸೀನ್. ಮೇಲಿಂದ ಇಳಿಬಿಟ್ಟ ಮೈಕ್ ಆ ಸಪ್ಪಳವನ್ನು ಊರಿಗೆಲ್ಲ ಕೇಳಿಸಿತು. ಸಾಯುತ್ತಿದ್ದ ತಾಯಿಯೇ ಕಣ್ಣು ತೆಗೆದು ನೋಡಿದಳು.

ಹುಕ್ಕಿನ ಪಕ್ಕ ಪಟ್ಟಿಯ ಮೇಲೆ ದಪ್ಪ ದಾರದ ಒಂದು ಗಂಟು ಇದೆ. ನೋಡಿದವರು ಹೊಲಿಗೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅದು ಕೈಗೆ ಸಿಗಲಿ ಅಂತ ಇರುವುದು. ಹಳ್ಳಿಯಲ್ಲಿ ಗ್ರೀನ್ ರೂಮ್ ಅಂದರೆ ಸ್ಟೇಜಿನ ಹಿಂದೆ ಮೂರು ಕಡೆ ಸೀರೆ ಕಟ್ಟಿದ ಜಾಗ, ಇಲ್ಲವೇ ಶಾಲೆಯ ಒಂದು ಕೋಣೆ. ಯುದ್ಧದ ಸೀನಿಗೆ ಮುಂಚೆ ಲೈಟೆಲ್ಲ ಆರಿಸುತ್ತಾರೆ. ಆ ಕತ್ತಲಲ್ಲಿ ಯಾವುದು ಎಡ, ಯಾವುದು ಬಲ? ಬೆರಳಿಗೆ ಗಂಟು ಸಿಕ್ಕಿತು ಅಂದರೆ ಅಲ್ಲೇ ಹುಕ್ಕು. ದರ್ಬಾರಿನ ಸೀರೆ ಬಿಚ್ಚಿ ಇದನ್ನು ಹಾಕಿ, ಸೆರಗು ಕೂರಿಸಿ, ಕತ್ತಿ ಹಿಡಿದು ವಿಂಗಿಗೆ ಬರಲು ನನಗೆ ಸಿಗುವುದು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ಯುದ್ಧದ ಧಾಟಿಯನ್ನು ಮೂರು ಸುತ್ತು ನುಡಿಸುವಷ್ಟು ಹೊತ್ತು. ಒಂದೂವರೆ ನಿಮಿಷ. ಬಾಡಿಗೆ ಸೀರೆ ಉಡಲು ಎಂಟು ನಿಮಿಷ ಬೇಕಿತ್ತು. ಆಗ ಹಾಸ್ಯಪಾತ್ರದವನು ಹೋಗಿ ಸಂಬಂಧ ಇಲ್ಲದ ಜೋಕು ಹೇಳಿ ಹೊತ್ತು ಕಳೆಯಬೇಕಾಗಿತ್ತು. ರಾಣಿ ಯುದ್ಧಕ್ಕೆ ಹೊರಟ ಮೇಲೆ ನಡುವೆ ಒಬ್ಬ ಬಂದು ತನ್ನ ಹೆಂಡತಿ ಸುಟ್ಟ ರೊಟ್ಟಿಯ ಕಥೆ ಹೇಳಿದರೆ ಯುದ್ಧ ಎಲ್ಲಿ ಉಳಿಯುತ್ತದೆ ಹೇಳಿ?

ಆ ಸೀರೆ ಆದ ಮೇಲೆ ಬೇರೆ ಕಲಾವಿದೆಯರೂ ಕೇಳತೊಡಗಿದರು. ಒಬ್ಬಳೇ ಹಾಕುವ ಬಟ್ಟೆಯಾದರೆ ಸುಲಭ. ಕಂಪನಿಯ ಬಟ್ಟೆ ಹಾಗಲ್ಲ. ಇವತ್ತು ಸಣಕಲು ಹುಡುಗಿ ಹಾಕುತ್ತಾಳೆ, ಮುಂದಿನ ಕ್ಯಾಂಪಿಗೆ ಮೂರು ಮಕ್ಕಳ ತಾಯಿ. ಹಾಗಾಗಿ ಎರಡೂ ಬದಿ ಒಳಗೆ ಎರಡೆರಡು ಇಂಚು ಬಟ್ಟೆ ಬಿಡುತ್ತೇನೆ, ಹುಕ್ಕಿನ ಮನೆ ಮೂರು ಸಾಲು ಮಾಡುತ್ತೇನೆ. ಕುಬಸದ ಬಗಲಲ್ಲಿ ಕ್ರಾಸ್ ಆಗಿ ಕತ್ತರಿಸಿದ ಒಂದು ಚೌಕದ ತುಂಡು ಕೂಡಿಸುತ್ತೇನೆ. ಇಲ್ಲದಿದ್ದರೆ ಕೈ ಎತ್ತಿದ ಕೂಡಲೇ ಕುಬಸ ಮೇಲೆ ಹತ್ತುತ್ತದೆ. ನಮ್ಮ ನಾಟಕದಲ್ಲಿ ಕೈ ಎತ್ತದೆ ಯಾವ ಮಾತೂ ಇಲ್ಲ. ಅದೇ ಬಗಲಿಗೆ ಒಳಗಿನಿಂದ ಹಳೇ ಹತ್ತಿ ಬಟ್ಟೆಯ ತುಂಡನ್ನು ಕಚ್ಚಾ ಹೊಲಿಗೆಯಲ್ಲಿ ಹಿಡಿಸಿರುತ್ತೇನೆ. ಶೋ ಮುಗಿದ ಮೇಲೆ ಅದನ್ನಷ್ಟೇ ಬಿಚ್ಚಿ ಒಗೆದರೆ ಸಾಕು. ಮಖಮಲ್ಲು, ಜರಿ, ಚಮಕಿ ಇದ್ದದ್ದನ್ನು ದಿನಾ ನೀರಿಗೆ ಹಾಕಿದರೆ ತಿಂಗಳಲ್ಲಿ ಚಿಂದಿ. ಅವನ್ನು ಉಲ್ಟಾ ಮಾಡಿ ಗಾಳಿಗೆ ಹಾಕುವುದು, ಟ್ರಂಕಿನಲ್ಲಿ ಒಣಗಿದ ಬೇವಿನ ಎಲೆ ಇಡುವುದು, ಇಷ್ಟೇ ನನ್ನ ಉಪಾಯ. ವಾಸನೆ ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ.

ಬಣ್ಣದ ವಿಷಯದಲ್ಲಿ ಮೋಸ ಹೋದದ್ದು ಜಾಸ್ತಿ. ಅಂಗಡಿಯಲ್ಲಿ ಚಂದ ಕಂಡದ್ದು ಸ್ಟೇಜ್ ಮೇಲೆ ಚಂದ ಕಾಣಬೇಕು ಅಂತಿಲ್ಲ. ಬೆಳಗಾವಿಯ ಖಡೇಬಜಾರಿನಿಂದ ಒಮ್ಮೆ ಒಳ್ಳೆ ಕೆಂಪು ಬಟ್ಟೆ ತಂದು ಲಂಗ ಹೊಲಿದೆ. ಕಾಡಿನ ಸೀನಿಗೆ ಲೈಟಿನವನು ಹಸಿರು ಬಿಟ್ಟ. ನನ್ನ ಕೆಂಪು ಲಂಗ ಕರ್ರಗೆ ಇದ್ದಿಲಿನ ಹಾಗೆ ಕಂಡಿತು. ಕೆಂಪಿನ ಮೇಲೆ ಹಸಿರು ಬೆಳಕು ಬಿದ್ದರೆ ಹಾಗೇ, ಅದು ಲೈಟಿನವನ ತಪ್ಪಲ್ಲ. ಹಳೇ ಹಳದಿ ಬಲ್ಬುಗಳಿದ್ದಾಗ ಅಗ್ಗದ ಜರಿಯೂ ಬಂಗಾರದ ಹಾಗೆ ಕಾಣುತ್ತಿತ್ತು. ಬಿಳಿ ಎಲ್‌ಇಡಿ ಬಂದ ಮೇಲೆ ಪ್ಲಾಸ್ಟಿಕ್ ಲೇಸು ಪ್ಲಾಸ್ಟಿಕ್ಕಾಗಿಯೇ ಕಾಣುತ್ತದೆ. ಈಗ ಹೊಳೆಯುವ ಲೇಸನ್ನು ಒಂದು ಸಲ ಚಹಾಪುಡಿ ಕುದಿಸಿದ ನೀರಿನಲ್ಲಿ ಅದ್ದಿ ಮಂಕು ಮಾಡಿ ಆಮೇಲೆ ಹಚ್ಚುತ್ತೇನೆ. ಹೊಸ ಬಟ್ಟೆ ಯಾವುದೇ ಇರಲಿ, ರಾತ್ರಿ ಮನೆಯ ದೀಪ ಆರಿಸಿ, ಮಗಳ ಕೈಗೆ ಬ್ಯಾಟರಿ ಕೊಟ್ಟು, ಅದರ ಮುಂದೆ ಬಣ್ಣಬಣ್ಣದ ಜಿಲೆಟಿನ್ ಹಾಳೆ ಹಿಡಿಸಿ ನೋಡುತ್ತೇನೆ. ಓಣಿಯವರು ಇದೇನು ಮಾಟ ಮಾಡುತ್ತಾಳೋ ಅಂದುಕೊಂಡಿರಬಹುದು.

ಲೈಟಿಗೆ ಹೆದರದ ಬಟ್ಟೆ ಅಂದರೆ ನಮ್ಮ ಗುಳೇದಗುಡ್ಡದ ಖಣ. ತವರಿನ ಅಭಿಮಾನದಿಂದ ಹೇಳುತ್ತಿಲ್ಲ. ಉದ್ದಕ್ಕೆ ಹೋಗುವ ಹಾಸಿನ ನೂಲು ಒಂದು ಬಣ್ಣ, ಅಡ್ಡ ಹೋಗುವ ಹೊಕ್ಕಿನ ನೂಲು ಇನ್ನೊಂದು ಬಣ್ಣ ಇರುವ ಖಣ ತಗೊಂಡು ಕುಬಸ ಹೊಲಿದರೆ, ನಟಿ ಸ್ವಲ್ಪ ತಿರುಗಿದರೂ ಬಣ್ಣ ತಿರುಗುತ್ತದೆ. ಹಿಂದಿನ ಸಾಲಿನಲ್ಲಿ ಕೂತವನಿಗೆ ಖಣದ ಮೇಲಿನ ಸೂಜಿಮಲ್ಲಿಗೆ, ತೇರಿನ ಚಿತ್ತಾರ ಕಾಣುವುದಿಲ್ಲ, ಆದರೆ ಆ ಮಿನುಗು ಕಾಣುತ್ತದೆ. ಅಂಗಡಿಯಲ್ಲಿ ಖಣವನ್ನು ಮೂಲೆ ಮೂಲೆ ಮಡಚಿ ತ್ರಿಕೋನ ಮಾಡಿ ಇಟ್ಟಿರುತ್ತಾರೆ. ಬಿಚ್ಚಿಸಿ, ಬಾಗಿಲಿಗೆ ತಂದು, ಅಲುಗಾಡಿಸಿ ನೋಡದೆ ನಾನು ತರುವುದಿಲ್ಲ. ಅಪ್ಪ ಹಾಗೇ ನೋಡಿ ಪೇಟೆಗೆ ಕಳಿಸುತ್ತಿದ್ದರು.

ನೇಕಾರರ ಊರಲ್ಲಿ ನಾಟಕ ಮಾಡುವಾಗ ನನಗೆ ಎದೆ ಡವಡವ. ಇಳಕಲ್, ರಬಕವಿ, ಬನಹಟ್ಟಿ, ಗುಳೇದಗುಡ್ಡ. ಅಲ್ಲಿ ಜನ ಮಾತು ಕೇಳುವುದಕ್ಕೆ ಮೊದಲೇ ಬಟ್ಟೆ ನೋಡಿ ಮುಗಿಸಿರುತ್ತಾರೆ. ಇಳಕಲ್ ಹತ್ತಿರ ಒಂದು ಸಾಮಾಜಿಕ ನಾಟಕದಲ್ಲಿ ನಾನು ಕೂಲಿ ಮಾಡುವ ಬಡವಿ. ಅವಸರದಲ್ಲಿ ಕೈಗೆ ಸಿಕ್ಕ ಇಳಕಲ್ ಸೀರೆ ಉಟ್ಟು ಹೋದೆ. ಕೆಂಪು ರೇಷ್ಮೆಯ ತೋಪು ಸೆರಗು. ಇಳಕಲ್ಲಿನಲ್ಲಿ ಹತ್ತಿಯ ಒಡಲಿಗೂ ರೇಷ್ಮೆಯ ಸೆರಗಿಗೂ ಹಾಸು ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೆಲಸ ಮಾಡಿದ ಕೈಗಳೇ ಎದುರಿಗೆ ಕೂತಿದ್ದವು. ಅಕ್ಕಿ ಇಲ್ಲ, ಎಣ್ಣೆ ಇಲ್ಲ ಅಂತ ನಾನು ಅಳುತ್ತಿದ್ದರೆ ಕೆಳಗಿನಿಂದ ಒಬ್ಬರು, "ಸೆರಗು ಮಾರಿದರ ವರ್ಷದ ಜ್ವಾಳ ಬರತಾವ ತಗಿಯವಾ" ಅಂದರು. ಇಡೀ ಮಂದಿ ನಕ್ಕಿತು. ನನಗೂ ನಗು ಬಂತು, ತಲೆ ತಗ್ಗಿಸಿ ಸೆರಗಿನಿಂದಲೇ ಮುಖ ಮುಚ್ಚಿಕೊಂಡೆ. ನಗುವ ಭುಜವೂ ಅಳುವ ಭುಜವೂ ಒಂದೇ ಥರ ಅಲುಗುತ್ತವೆ ಅಂತ ಅವತ್ತು ತಿಳಿಯಿತು.

ಈಗ ಬಡವಿಯ ಸೀರೆ ಬೇರೆ ಮಾಡಿ ಇಟ್ಟಿದ್ದೇನೆ. ಬಡತನ ತರಿಸುವುದು ರಾಣಿಯ ಡ್ರೆಸ್ಸಿಗಿಂತ ಕಷ್ಟ. ಸುಮ್ನೆ ಹರಿದು ತೇಪೆ ಹಾಕಿದರೆ ಶಾಲೆಯ ಗ್ಯಾದರಿಂಗಿನ ಭಿಕ್ಷುಕನ ವೇಷದ ಹಾಗೆ ಕಾಣುತ್ತದೆ. ಬಟ್ಟೆ ನಿಜವಾಗಿ ಎಲ್ಲಿ ಸವೆಯುತ್ತದೆ ನೋಡಿ. ಮೊಣಕೈ, ಕೊಡ ಇಟ್ಟುಕೊಳ್ಳುವ ಸೊಂಟದ ಎಡಬದಿ, ಕೈ ಒರೆಸುವ ಸೆರಗಿನ ತುದಿ, ಕೆಳಗಿನ ದಡಿ. ಅಲ್ಲಲ್ಲಿ ಮಾತ್ರ ಸಿಮೆಂಟ್ ಕಟ್ಟೆಗೆ ತಿಕ್ಕಿದೆ. ಸೆರಗಿನ ತುದಿಗೆ ಅರಿಶಿನ, ಎಣ್ಣೆ ಹಚ್ಚಿ ಬಿಸಿಲಿಗೆ ಹಾಕಿದೆ. ಒಂದೇ ತೇಪೆ ಹಾಕಿದ್ದೇನೆ, ಅದೂ ನೀಟಾಗಿ. ಬಡವಿಯಾದ ಮಾತ್ರಕ್ಕೆ ಹೊಲಿಗೆ ಬರಬಾರದು ಅಂತೇನಿದೆ?

ಇನ್ನು ಆಯೇರಿ. ನಾಟಕದ ನಡುವೆ ಊರವರು ಕಲಾವಿದರಿಗೆ ಕೊಡುವ ಕಾಣಿಕೆ. ನಾನು ವಿಷ ಕುಡಿದು ಬಿದ್ದಿರುತ್ತೇನೆ, ಮೈಕಿನಲ್ಲಿ "ಇವರ ಅಭಿನಯ ಮೆಚ್ಚಿ ನೂರಾ ಒಂದು ರೂಪಾಯಿ" ಅಂತ ಹೆಸರು ಸಮೇತ ಕೂಗುತ್ತಾರೆ. ಎದ್ದು, ಕೈಮುಗಿದು, ತಗೊಂಡು, ಮತ್ತೆ ಸಾಯಬೇಕು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಆದರೆ ಕೆಲವು ಸಲ ಮಾತಾಡಿದ ಸಂಭಾವನೆಗಿಂತ ಆಯೇರಿಯೇ ಕೈಗೆ ಸರಿಯಾಗಿ ಸಿಕ್ಕಿದೆ, ಹೀಗಾಗಿ ಸಿಟ್ಟು ಇಳಿದಿದೆ. ತೊಂದರೆ ಬಟ್ಟೆಗೆ. ನೋಟನ್ನು ಪಿನ್ನಿನಿಂದ ಹೆಗಲಿಗೆ ಚುಚ್ಚುತ್ತಾರೆ. ರೇಷ್ಮೆಯಾದರೆ ಒಂದು ರಾತ್ರಿಗೆ ಜರಡಿ. ಅದಕ್ಕೆ ಸೆರಗಿನ ಹೆಗಲ ಭಾಗದಲ್ಲಿ ಅದೇ ಬಣ್ಣದ ದಪ್ಪ ಬಟ್ಟೆಯ ಪಟ್ಟಿ ಹೊಲಿದಿದ್ದೇನೆ. ಯಾರಾದರೂ ನೋಟು ಹಿಡಿದು ಬಂದರೆ ಆ ಹೆಗಲನ್ನೇ ಮುಂದೆ ಮಾಡುತ್ತೇನೆ. ಪಾವಡೆಗೆ ಜಿಪ್ಪಿನ ಜೇಬೂ ಇದೆ. ಮನೆ ಕೀಲಿ, ದುಡ್ಡು, ವಾಪಸ್ ಬಸ್ಸಿನ ಚಿಲ್ಲರೆ ಎಲ್ಲ ಅದರಲ್ಲೇ. ಚೆನ್ನಮ್ಮ ಥ್ಯಾಕರೆಯ ಮೇಲೆ ಏರಿ ಹೋಗುವಾಗಲೂ ನವನಗರದ ಮನೆಯ ಕೀಲಿ ಅವಳ ಹತ್ತಿರ ಇರುತ್ತದೆ.

ಬನಶಂಕರಿ ಜಾತ್ರೆಯ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಬನದ ಹುಣ್ಣಿಮೆಗೆ ತೇರು, ಅಲ್ಲಿಂದ ವಾರಗಟ್ಟಲೆ ಜಾತ್ರೆ. ಚೊಳಚಗುಡ್ಡದ ಆ ಬಯಲಿನಲ್ಲಿ ಸಾಲಾಗಿ ನಾಟಕ ಕಂಪನಿಗಳ ಥೇಟರ್. ಒಂದು ಥೇಟರಿನ ಹಾಡು ಇನ್ನೊಂದಕ್ಕೆ ಕೇಳುತ್ತದೆ. ಜೋರು ಇರುವ ದಿನಗಳಲ್ಲಿ ಒಂದೇ ರಾತ್ರಿ ಎರಡು, ಮೂರು ಶೋ. ಮೂರನೇ ಶೋಗೆ ಬೆಳಗಿನ ಜಾವದ ಚಳಿ, ಕುಬಸ ಹಿಂದಿನ ಶೋದ ಬೆವರಿನಿಂದ ಇನ್ನೂ ತೇವ. ಅದನ್ನು ಮೈಗೆ ಹಾಕುವಾಗಿನ ಆ ತಣ್ಣನೆ ಮುಟ್ಟು ಬೇಡವೇ ಬೇಡ. ಆದ್ದರಿಂದ ಜಾತ್ರೆಗೆ ಪ್ರತಿ ಕುಬಸ ಎರಡೆರಡು ಹೊಲಿಯುತ್ತೇನೆ. ಒಂದು ಮೈಮೇಲೆ, ಒಂದು ಅಡುಗೆ ಒಲೆಯ ಹತ್ತಿರದ ಹಗ್ಗದ ಮೇಲೆ. ಒಂದು ಸಲ ನಾಯಕಿಯ ಕುಬಸ ಒಗ್ಗರಣೆ ವಾಸನೆ ಹೊಡೆದು ನಾಯಕ ಪ್ರೇಮದ 'ಡೈಲಾಗ್' ನಡುವೆ ಸೀನಿದ. ಬೆಳಗ್ಗೆ ಬುಟ್ಟಿ ಹೊತ್ತ ಅವ್ವಂದಿರು ಕಟಿ ರೊಟ್ಟಿ, ಗಡಿಗೆ ಮೊಸರು ತರುತ್ತಾರೆ. ಮುಖದ ಬಣ್ಣ ಕೊಬ್ಬರಿ ಎಣ್ಣೆಯಲ್ಲಿ ಅರ್ಧ ತೆಗೆದು, ಅರ್ಧ ಹಾಗೇ ಇಟ್ಟುಕೊಂಡು ಆ ರೊಟ್ಟಿ ಮೊಸರು ತಿನ್ನುತ್ತೇವೆ. ಆಮೇಲೆ ನಿದ್ದೆ.

ಜಾತ್ರೆಯಲ್ಲಿ ಹಳೇ ಕಲಾವಿದರು ಸಿಗುತ್ತಾರೆ. ಅವರ ಮಾತಿನಲ್ಲಿ ನನ್ನ ಕಿವಿ ಬಟ್ಟೆಯ ಸುದ್ದಿಗೇ ನೆಟ್ಟಿರುತ್ತದೆ. ಗಂಡಸರೇ ಹೆಣ್ಣು ಪಾತ್ರ ಮಾಡುತ್ತಿದ್ದ ಕಾಲ. ಸವದತ್ತಿ ಕಡೆಯ ಏಣಗಿ ಬಾಳಪ್ಪನವರೂ ಹುಡುಗರಿದ್ದಾಗ ಸ್ತ್ರೀ ಪಾತ್ರ ಮಾಡಿದವರೇ. 2017ರಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ. ಬೀಳಗಿಯ ಗೋಹರಬಾಯಿ, ಮರಾಠಿ ನಾಟಕದಲ್ಲಿ ಹೆಣ್ಣು ಪಾತ್ರಕ್ಕೆ ಹೆಸರಾದ ಬಾಲಗಂಧರ್ವರ ಕಂಪನಿಗೆ ಹೋಗಿ ಹೆಸರು ಮಾಡಿದರು, ಅವರ ತಂಗಿ ಅಮೀರಬಾಯಿ ಸಿನಿಮಾದಲ್ಲಿ ಹಾಡಿದರು. ಬಾಲಗಂಧರ್ವರು ಉಟ್ಟ ಸೀರೆಯ ಥರ ನೋಡಿ ಮನೆಯ ಹೆಂಗಸರು ಉಡುತ್ತಿದ್ದರಂತೆ. ಗಂಡಸು ಉಟ್ಟದ್ದನ್ನು ನೋಡಿ! ಅವರಿಗೆ ನಿರಿಗೆ ಹಿಡಿದು ಕೊಟ್ಟವರು ಯಾರು, ಕುಬಸ ಹೊಲಿದವರು ಯಾರು ಅಂತ ನಾನು ಕೇಳುತ್ತೇನೆ. ಅದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ನಾಟಕ ಇಲ್ಲದ ದಿನ ನನ್ನ ಮನೆ ಸಾದಾ ಟೇಲರ್ ಮನೆ. ಬೆಳಗ್ಗೆ ರೊಟ್ಟಿ ಬಡಿದು, ಮಗಳನ್ನು ಕಾಲೇಜಿಗೆ ಕಳಿಸಿ ಮಷಿನ್‌ಗೆ ಕೂತರೆ ಮಧ್ಯಾಹ್ನದವರೆಗೆ ಬ್ಲೌಸು, ಫಾಲ್, ಪೀಕೋ. ನವೆಂಬರ್ 1, ಜನವರಿ 26, ಶಾಲೆಗಳ ಗ್ಯಾದರಿಂಗ್ ಬಂದವು ಅಂದರೆ ಮಕ್ಕಳ ಡ್ರೆಸ್ಸಿನ ಬಾಡಿಗೆ. ನನ್ನ ಹತ್ತಿರ ಒಂಬತ್ತು ಸಣ್ಣ ಚೆನ್ನಮ್ಮಂದಿರು, ಆರು ರಾಯಣ್ಣ, ನಾಲ್ಕು ಒನಕೆ ಓಬವ್ವ ಇದ್ದಾರೆ. ಓಬವ್ವ ಹೋದರೆ ಒನಕೆ ವಾಪಸ್ ಬರುವುದಿಲ್ಲ, ಯಾಕೋ ಗೊತ್ತಿಲ್ಲ. 2020ರ ಲಾಕ್‌ಡೌನಿನಲ್ಲಿ ನಾಟಕ ಪೂರ್ತಿ ನಿಂತಾಗ ಈ ಮಷಿನ್ನೇ ಹೊಟ್ಟೆಗೆ ಹಾಕಿತು. ರಾಜನ ಅಂಗಿಗೆ ತಂದ ಅಸ್ತರದ ಬಟ್ಟೆಯೆಲ್ಲ ಮಾಸ್ಕ್ ಆಯಿತು.

ಬಾಡಿಗೆ ಮನೆ ಹುಡುಕುವಾಗ ಮೂರು ಕಡೆ ಆಗುವುದಿಲ್ಲ ಅಂದರು. ಬಾಯಿಬಿಟ್ಟು ಹೇಳಲಿಲ್ಲ, "ರಾತ್ರಿ ಹೊತ್ತುಗೊತ್ತಿಲ್ಲದ ಬರೂದು ಹೋಗೂದು ಇರತೈತಲ್ಲ ನಿಮ್ದು" ಅಂದರು. ನಾಲ್ಕನೇ ಕಡೆ ನಾನು ನಾಟಕದ ಸುದ್ದಿ ತೆಗೆಯಲಿಲ್ಲ, ಹೊಲಿಗೆ ಅಂದೆ. ಮನೆ ಸಿಕ್ಕಿತು. ಆರು ತಿಂಗಳಾದ ಮೇಲೆ ಮಾಲಕರ ಮನೆಯವರೇ ಜಾತ್ರೆಯಲ್ಲಿ ನನ್ನನ್ನು ಸ್ಟೇಜ್ ಮೇಲೆ ನೋಡಿದರು. ನಾನು ಸಾಮಾನು ಕಟ್ಟಲು ತಯಾರಾಗಿದ್ದೆ. ಆಕೆ ಬಂದು, "ಎರಡನೇ ಸೀನಿನ್ಯಾಗ ಹಾಕ್ಕೊಂಡಿದ್ರಲ್ಲ, ಆ ತೋಳಿನ ಡಿಸೈನ್ ನನಗೂ ಹೊಲಿದು ಕೊಡ್ರಿ" ಅಂದರು. ಹೊಲಿದುಕೊಟ್ಟೆ. ಬಗಲಿನ ಚೌಕದ ತುಂಡು ಸಮೇತ. ಈಗ ಕೈ ಎತ್ತಿ ಬಟ್ಟೆ ಒಣಹಾಕಲು ಬಹಳ ಆರಾಮ ಅಂತೆ.

ಈ ಅಕ್ಟೋಬರ್‌ಗೆ ಮತ್ತೆ ಕಿತ್ತೂರು ಕಡೆ ಚೆನ್ನಮ್ಮ ಇದೆ. ಮೊನ್ನೆ ಸೀರೆ ಹೊರಗೆ ತೆಗೆದೆ. ಪಟ್ಟಿಯ ಬಕ್ರಂ ಮೆತ್ತಗಾಗಿತ್ತು, ಬದಲಿಸಿದೆ. ಸೊಂಟ ಒಂದು ಇಂಚು ಬಿಡಿಸಿದೆ. ಎಡ ಭುಜ ಎರಡು ವರ್ಷದಿಂದ ಸರಿ ಇಲ್ಲ, ಕೈ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಎಡಗಡೆ ಇದ್ದ ಹುಕ್ಕುಗಳನ್ನು ಕಿತ್ತು ಬಲಗಡೆ ಮುಂದಕ್ಕೆ ತಂದೆ. ಗಂಟನ್ನೂ ಅಲ್ಲಿಗೇ ತಂದೆ. ನಿನ್ನೆ ರಾತ್ರಿ ದೀಪ ಆರಿಸಿ ಹಾಕಿ ನೋಡಿದೆ. ಬೆರಳು ಹಳೇ ಚಾಳಿಗೆ ಎಡಕ್ಕೇ ಹೋಗಿ ತಡವರಿಸಿತು. ಮಗಳು ಮೊಬೈಲಿನಲ್ಲಿ ಹೊತ್ತು ಎಣಿಸುತ್ತಿದ್ದಳು. ಎರಡು ನಿಮಿಷ ಹತ್ತು ಸೆಕೆಂಡು. ಇನ್ನೊಂದು ಸಲ ಮಾಡಿದೆ. ಎರಡು ನಿಮಿಷ. ಪೇಟಿ ಮಾಸ್ತರಿಗೆ ಫೋನ್ ಹಚ್ಚಿ, "ಮಾಸ್ತರ್ರ, ಯುದ್ಧದ ಧಾಟಿ ಈ ಸಲ ಒಂದು ಸುತ್ತು ಜಾಸ್ತಿ ಹೊಡೀರಿ" ಅಂದೆ. "ಯಾಕವಾ, ಥ್ಯಾಕರೆ ದಂಡು ದೊಡ್ಡದಾತೇನು?" ಅಂದರು.